ಕಾರವಾರ, ಶಿರಸಿ ಕಡೆಯಿಂದ ದೈವಶಾಸ್ತ್ರ ಓದಲು ಹೊರಟವರಿಗೆ: ಬಿ.ಡಿ., ಎಂ.ಡಿವ್., ಎಸ್.ಟಿ.ಬಿ., ಎಂ.ಎ. ಪದವಿಗಳ ವಿಮರ್ಶೆ

ಡಿಗ್ರಿ ಮುಗಿಸಿ ಕ್ರೈಸ್ತ ಸಭೆಯ ಸೇವೆಗೆ ಇಳಿಯಬೇಕೆಂದು ಮನಸ್ಸು ಮಾಡಿದ ಕಾರವಾರ, ಹೊನ್ನಾವರ, ಹಳಿಯಾಳ, ಶಿರಸಿ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ‘ಯಾವ ಕಾಲೇಜು ಒಳ್ಳೆಯದು?’ ಎಂದು. ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಇಡಿ. ಓದು ಮುಗಿದ ಮೇಲೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವವರು, ಅಂದರೆ ಸಭಾಪಾಲಕರಾಗಿ ಇಲ್ಲವೇ ಯಾಜಕರಾಗಿ ನೇಮಿಸುವವರು ಯಾರು, ಅವರು ಯಾವ ಪದವಿಯನ್ನು ಒಪ್ಪುತ್ತಾರೆ ಎಂಬುದು ಮೊದಲು ಗೊತ್ತಾಗಬೇಕು. ನಾಲ್ಕು ವರ್ಷ ಕಷ್ಟಪಟ್ಟು ಓದಿ ಬಂದ ಮೇಲೆ ‘ಇದು ನಮ್ಮಲ್ಲಿ ನಡೆಯುವುದಿಲ್ಲ’ ಎಂಬ ಮಾತು ಕೇಳಬೇಕಾಗಿ ಬರುವುದು ಈ ಒಂದು ವಿಚಾರಣೆ ಬಿಟ್ಟುಹೋದದ್ದರಿಂದಲೇ.

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾದರೆ ಉತ್ತರ ಸಿಗುವುದು ಡಯಾಸಿಸ್ (ಒಬ್ಬ ಬಿಷಪರ ಆಡಳಿತದ ಪ್ರಾಂತ್ಯ) ಕಚೇರಿಯಲ್ಲಿ. ಕರ್ನಾಟಕದಲ್ಲಿ ಮೂರು ಡಯಾಸಿಸ್‌ಗಳಿವೆ: ಉತ್ತರದ್ದು ಧಾರವಾಡದಲ್ಲಿ, ಮಧ್ಯದ್ದು ಬೆಂಗಳೂರಿನಲ್ಲಿ, ದಕ್ಷಿಣದ್ದು ಮಂಗಳೂರಿನಲ್ಲಿ. ಸಭಾಪಾಲಕರ ಶಿಫಾರಸು, ಸಭಾ ಕಮಿಟಿಯ ಒಪ್ಪಿಗೆ, ಆಮೇಲೆ ಡಯಾಸಿಸ್ ಮಟ್ಟದ ಸಂದರ್ಶನ, ಈ ಸಾಲಿನಲ್ಲಿ ಹೋದವರು ‘ಸಭೆ ಕಳಿಸಿದ ಅಭ್ಯರ್ಥಿ’ ಆಗುತ್ತಾರೆ. ಸ್ವಂತ ಖರ್ಚಿನಲ್ಲಿ ಹೋಗಿ ಓದಿದವರೂ ಪದವಿ ಪಡೆಯುತ್ತಾರೆ, ಆದರೆ ದೀಕ್ಷೆಯ ಸಾಲಿನಲ್ಲಿ ಅವರ ಹೆಸರು ಇರುವುದಿಲ್ಲ. ಕಥೋಲಿಕರಾದರೆ ಧರ್ಮಪ್ರಾಂತ್ಯದ ಬಿಷಪರು ಅಥವಾ ನೀವು ಸೇರುವ ಧಾರ್ಮಿಕ ಸಭೆಯ ಮುಖ್ಯಸ್ಥರೇ ಎಲ್ಲವನ್ನೂ ನಿರ್ಧರಿಸುತ್ತಾರೆ. ಕಾಲೇಜನ್ನು ನೀವು ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಸ್ವತಂತ್ರ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ ನಿಯಮ ಸಡಿಲ, ಹಾಗಾಗಿ ಮೋಸ ಹೋಗುವ ಸಾಧ್ಯತೆಯೂ ಅಲ್ಲೇ ಹೆಚ್ಚು.

ಬಿ.ಡಿ., ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿಯಿಂದ ಶುರು ಮಾಡೋಣ. ನಮ್ಮ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳಿಗೆ ಈಗಲೂ ಇದೇ ಗಟ್ಟಿ ಪದವಿ. ಹೆಸರಿನಲ್ಲಿ ‘ಬ್ಯಾಚುಲರ್’ ಇದ್ದರೂ ಡಿಗ್ರಿ ಆದವರಿಗೆ ಇದು ಪದವಿಯ ಮೇಲಿನ ಪದವಿ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಆದವರಿಗೆ ನಾಲ್ಕು ವರ್ಷ, ಪಿ.ಯು.ಸಿ. ಮುಗಿಸಿ ನೇರ ಸೇರುವವರಿಗೆ ಐದು ವರ್ಷ. ಕೊಡುವುದು ಸೆರಾಂಪುರ ಸೆನೆಟ್. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಕಾಲೇಜು ಕಟ್ಟಿದಾಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದಿನಿಂದ ಪದವಿ ಕೊಡುವ ಅಧಿಕಾರ ಬಂತು, 1918ರ ಸೆರಾಂಪುರ ಕಾಲೇಜು ಕಾಯ್ದೆ ಅದನ್ನು ಭದ್ರ ಮಾಡಿತು. ಇಂದು ದೇಶದ ಬೇರೆ ಬೇರೆ ದೈವಶಾಸ್ತ್ರ ಕಾಲೇಜುಗಳು ಈ ಸೆನೆಟ್ಟಿಗೆ ಸೇರಿಕೊಂಡು ಒಂದೇ ಪದವಿ ಕೊಡುವುದು ಇದೇ ಬಲದ ಮೇಲೆ. ಮಂಗಳೂರಿನಲ್ಲಿ ಓದಿದವರ ಬಿ.ಡಿ.ಗೂ ಮದುರೆಯಲ್ಲಿ ಓದಿದವರ ಬಿ.ಡಿ.ಗೂ ಬೆಲೆ ಒಂದೇ.

ನಮ್ಮವರಿಗೆ ಎದುರಿಗಿರುವುದು ಮುಖ್ಯವಾಗಿ ಎರಡು ಕಾಲೇಜು: ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು. ಬೆಂಗಳೂರಿನದು 1910ರದ್ದು, ಎಲ್ಲವೂ ಇಂಗ್ಲಿಷಿನಲ್ಲಿ, ಹಲವು ರಾಜ್ಯ ಹಲವು ಸಭೆಗಳ ವಿದ್ಯಾರ್ಥಿಗಳು, ಸ್ನಾತಕೋತ್ತರ ಮತ್ತು ಸಂಶೋಧನೆಗೆ ಬೇಕಾದ ದೊಡ್ಡ ಗ್ರಂಥಾಲಯ. ಮಂಗಳೂರಿನದು 1965ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಅದರ ಬೇರು ಬಾಸೆಲ್ ಮಿಶನ್ನಿನಲ್ಲಿದೆ. ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತೆಗೆದ, ಕಿಟೆಲ್ ನಿಘಂಟು ಅಚ್ಚಾದ ಅದೇ ಮಿಶನ್. ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರ, ಪುಸ್ತಕಗಳ ಸಂಗ್ರಹ ಇಂದಿಗೂ ಆ ಆವರಣದಲ್ಲೇ ಇದೆ. ಇಲ್ಲಿ ದೈವಶಾಸ್ತ್ರವನ್ನು ಕನ್ನಡದಲ್ಲಿ ಓದಬಹುದು, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು.

ಉತ್ತರ ಕನ್ನಡದ ಸಭೆಗಳಲ್ಲೇ ಸೇವೆ ಮಾಡುವುದು ಗಟ್ಟಿಯಾಗಿದ್ದರೆ ನಮ್ಮ ಮತ ಬಲ್ಮಠಕ್ಕೆ. ಕಾರಣ ಸೀದಾ. ‘ಕೃಪೆ’, ‘ನೀತಿವಂತರೆಂಬ ನಿರ್ಣಯ’, ‘ಪ್ರಾಯಶ್ಚಿತ್ತ’ ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ವರ್ಷ ಓದಿದವರು ಮೊದಲ ಭಾನುವಾರ ಮುಂಡಗೋಡದ ಸಭೆಯಲ್ಲಿ ಪ್ರಸಂಗಕ್ಕೆ ನಿಂತಾಗ ತಡವರಿಸುತ್ತಾರೆ. ಇಂಗ್ಲಿಷಿನಲ್ಲಿ ಗೊತ್ತಿರುವುದು ಕನ್ನಡದಲ್ಲಿ ಬಾಯಿಗೆ ಬರುವುದಿಲ್ಲ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ, ಎಂ.ಟಿಎಚ್. (ದೈವಶಾಸ್ತ್ರದ ಸ್ನಾತಕೋತ್ತರ ಪದವಿ), ಡಿ.ಟಿಎಚ್. (ದೈವಶಾಸ್ತ್ರದ ಡಾಕ್ಟರೇಟ್) ತನಕ ಹೋಗುವ ಆಸೆ ಇದ್ದವರು ಮಾತ್ರ ಬೆಂಗಳೂರಿನ ದಾರಿಯನ್ನು ಮೊದಲೇ ಹಿಡಿಯುವುದು ವಾಸಿ. ಅಲ್ಲಿಗೆ ಹೋಗುವವರು ದಿನಕ್ಕೆ 30 ಪುಟ ಇಂಗ್ಲಿಷ್ ಗದ್ಯ ಓದಿ ಅರ್ಧ ಪುಟದಲ್ಲಿ ಸಾರ ಬರೆಯುವ ಅಭ್ಯಾಸವನ್ನು ಸೇರುವ ಆರು ತಿಂಗಳ ಮೊದಲೇ ಶುರು ಮಾಡಬೇಕು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಸೋಲುವುದು ವಿಷಯ ಗೊತ್ತಾಗದೆ ಅಲ್ಲ, ಓದಿನ ವೇಗ ಸಾಲದೆ.

ಬಿ.ಡಿ.ಯೊಳಗೆ ಏನಿರುತ್ತದೆ? ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೈವಶಾಸ್ತ್ರ ಮತ್ತು ನೀತಿಶಾಸ್ತ್ರ, ಕ್ರೈಸ್ತಧರ್ಮದ ಇತಿಹಾಸ, ಇತರ ಧರ್ಮಗಳು, ಸಭಾಸೇವೆ ಮತ್ತು ಆಪ್ತಸಮಾಲೋಚನೆ, ಮಿಶನ್, ಸಂವಹನ, ಸ್ತ್ರೀ ಅಧ್ಯಯನ. ಜೊತೆಗೆ ಶನಿವಾರ ಭಾನುವಾರದ ಕ್ಷೇತ್ರಕಾರ್ಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಸ್ಪತ್ರೆಯ ವಾರ್ಡಿನಲ್ಲಿ ಏನು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಲಿಸುವುದು ಅದೇ.

ಎಲ್ಲರಿಗೂ ಹೆದರಿಕೆ ಹುಟ್ಟಿಸುವುದು ಮೂಲಭಾಷೆಗಳು. ಇಲ್ಲಿ ಕನ್ನಡದವರಿಗೆ ಇರುವ ಅನುಕೂಲ ಹೇಳುವವರು ಕಡಿಮೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ನಾಮಪದಕ್ಕೆ ವಿಭಕ್ತಿ ಇದೆ. ‘ಲೋಗೊಸ್’ ಅಂದರೆ ವಾಕ್ಯವು, ‘ಲೋಗೊನ್’ ವಾಕ್ಯವನ್ನು, ‘ಲೋಗೂ’ ವಾಕ್ಯದ, ‘ಲೋಗೋ’ ವಾಕ್ಯಕ್ಕೆ. ಪ್ರಥಮಾ, ದ್ವಿತೀಯಾ, ಷಷ್ಠೀ, ಚತುರ್ಥೀ, ಸಂಬೋಧನೆ: ಹೈಸ್ಕೂಲಿನ ವ್ಯಾಕರಣವೇ ಸಾಕು. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮ್ಮವರು ಅಂಕ ಕಳೆದುಕೊಳ್ಳುವುದು ಬೇರೆ ಎರಡು ಕಡೆ. ಕನ್ನಡದಲ್ಲಿ ‘ಒಳ್ಳೆಯ’ ಎಂಬ ವಿಶೇಷಣ ಯಾವ ನಾಮಪದದ ಮುಂದೆ ನಿಂತರೂ ಬದಲಾಗುವುದಿಲ್ಲ. ಗ್ರೀಕಿನಲ್ಲಿ ಅದು ಲಿಂಗ, ವಚನ, ವಿಭಕ್ತಿ ಮೂರರಲ್ಲೂ ನಾಮಪದಕ್ಕೆ ಹೊಂದಿಕೊಳ್ಳಬೇಕು. ಇನ್ನೊಂದು ಲಿಂಗ. ನಮ್ಮಲ್ಲಿ ಲಿಂಗ ಅರ್ಥವನ್ನು ನೋಡಿಕೊಂಡು ಬರುತ್ತದೆ, ಅಲ್ಲಿ ಪದವನ್ನು ನೋಡಿಕೊಂಡು. ಸಭೆ ಎಂಬರ್ಥದ ‘ಎಕ್ಲೇಸಿಯ’ ಸ್ತ್ರೀಲಿಂಗ, ಆತ್ಮ ಎಂಬರ್ಥದ ‘ಪ್ನೆವ್ಮ’ ನಪುಂಸಕ. ಇದಕ್ಕೆ ತರ್ಕ ಹುಡುಕಬೇಡಿ. ಪ್ರತಿ ನಾಮಪದವನ್ನೂ ಅದರ ಮುಂದಿನ ಗುರುತುಪದದ (ಇಂಗ್ಲಿಷಿನ ‘ದಿ’ಯಂಥ ಆರ್ಟಿಕಲ್) ಸಮೇತ ಬಾಯಿಪಾಠ ಮಾಡಿ, ಲಿಂಗ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಇಬ್ರಿಯ ಭಾಷೆ ಬಲದಿಂದ ಎಡಕ್ಕೆ, 22 ಅಕ್ಷರ, ಎಲ್ಲವೂ ವ್ಯಂಜನ. ಸ್ವರಗಳನ್ನು ಅಕ್ಷರದ ಕೆಳಗೋ ಮೇಲೋ ಚುಕ್ಕಿ ಗೆರೆಗಳಿಂದ ತೋರಿಸುತ್ತಾರೆ. ಅಂದರೆ ಕಾಗುಣಿತ! ‘ಬೇತ್’ ಅಕ್ಷರದ ಕೆಳಗೆ ಒಂದು ಚುಕ್ಕಿ ಇಟ್ಟರೆ ‘ಬಿ’, ಚಿಕ್ಕ ಅಡ್ಡಗೆರೆ ಎಳೆದರೆ ‘ಬ’. ಕಾಗುಣಿತ ಬಲ್ಲವರಿಗೆ ಇದು ಎರಡು ವಾರದ ಕೆಲಸ. ತಪ್ಪುವುದು ಅಕ್ಷರಗಳ ರೂಪಸಾಮ್ಯದಲ್ಲಿ: ದಾಲೆತ್ ಮತ್ತು ರೇಶ್, ಬೇತ್ ಮತ್ತು ಕಾಫ್, ಹೇ ಮತ್ತು ಹೇತ್. ಐದು ಅಕ್ಷರಗಳು ಪದದ ಕೊನೆಗೆ ಬಂದಾಗ ರೂಪ ಬದಲಿಸುತ್ತವೆ, ಅದು ಬೇರೆ. ಗೆರೆ ಎಳೆದ ಕಾಪಿ ಪುಸ್ತಕದಲ್ಲಿ ದಿನಕ್ಕೊಂದು ಪುಟ ಬರೆದರೆ ತಿಂಗಳಲ್ಲಿ ಗೊಂದಲ ಹೋಗುತ್ತದೆ. ಇಷ್ಟು ಕಷ್ಟಕ್ಕೆ ಸಿಗುವ ಫಲ ದೊಡ್ಡದು. ‘ರೂಅಖ್’ ಎಂಬ ಒಂದೇ ಪದ ಗಾಳಿ, ಉಸಿರು, ಆತ್ಮ ಮೂರೂ ಆಗಿರುವುದನ್ನು ಮೂಲದಲ್ಲಿ ಕಂಡವರು ಆದಿಕಾಂಡದ ಮೊದಲ ಅಧ್ಯಾಯವನ್ನು ಮತ್ತೆ ಹಳೆಯ ರೀತಿಯಲ್ಲಿ ಓದಲಾರರು.

ಎಂ.ಡಿವ್., ಅಂದರೆ ಮಾಸ್ಟರ್ ಆಫ್ ಡಿವಿನಿಟಿ, ಬೇರೆ ದಾರಿ. ಪದವೀಧರರಿಗೆ ಸಾಮಾನ್ಯವಾಗಿ ಮೂರು ವರ್ಷ. ಇದಕ್ಕೆ ಮಾನ್ಯತೆ ಕೊಡುವುದು 1970ರಲ್ಲಿ ಶುರುವಾದ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಶನ್. ಸುವಾರ್ತಾ ಸಭೆಗಳು, ಪೆಂತೆಕೋಸ್ತ್ ಸಭೆಗಳು, ಮಿಶನರಿ ಸಂಸ್ಥೆಗಳು ಇದನ್ನು ಚೆನ್ನಾಗಿ ಒಪ್ಪುತ್ತವೆ. ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಹೆಸರುವಾಸಿ. ಬೆಂಗಳೂರು ಕೊತ್ತನೂರಿನ ಸಾಯಾಕ್ಸ್ ಸಂಸ್ಥೆ ಹೆಚ್ಚಾಗಿ ಮೇಲ್ಮಟ್ಟದ ಓದಿಗೆ, ಅಂದರೆ ಎಂ.ಎ., ಎಂ.ಟಿಎಚ್., ಪಿಎಚ್.ಡಿ.ಗೆ. ಎಂ.ಡಿವ್.ನ ಗುಣ: ಒಂದು ವರ್ಷ ಉಳಿಯುತ್ತದೆ, ಸತ್ಯವೇದದ ಪಾಠ ಮತ್ತು ಪ್ರಸಂಗದ ತರಬೇತಿ ಗಟ್ಟಿ. ಕೊರತೆ ಒಂದೇ, ಆದರೆ ದೊಡ್ಡದು. ಮುಂದೆ ಸೆರಾಂಪುರದ ಎಂ.ಟಿಎಚ್.ಗೆ ಹೋಗಬೇಕೆಂದರೆ ಈ ಪದವಿಯಿಂದ ನೇರ ಬಾಗಿಲು ತೆರೆಯುತ್ತದೆ ಎಂದು ನಂಬಿ ಕೂರಬೇಡಿ. ಎರಡು ಮಾನ್ಯತೆಗಳು ಬೇರೆ ಬೇರೆ. ಸಿ.ಎಸ್.ಐ. ದೀಕ್ಷೆಗೆ ಇದು ಸಾಕೇ ಎಂಬುದನ್ನೂ ಸೇರುವ ಮೊದಲೇ ಡಯಾಸಿಸ್‌ನಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ‘ಆಗುತ್ತದೆ ಬಿಡಿ’ ಎಂದವರು ನೀವು ಮರಳಿ ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರುವುದಿಲ್ಲ.

ಇನ್ನು ಕಥೋಲಿಕರ ದಾರಿ. ನಮ್ಮ ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಕಥೋಲಿಕ ಯಾಜಕರ ಓದನ್ನು ‘ಎಷ್ಟು ವರ್ಷದ ಕೋರ್ಸು’ ಎಂದು ಲೆಕ್ಕ ಹಾಕುವುದು ಸರಿಯಲ್ಲ, ಅದು ಇಡೀ ವ್ಯಕ್ತಿಯನ್ನು ರೂಪಿಸುವ ತರಬೇತಿ. ಆದರೂ ಲೆಕ್ಕ ಬೇಕು. ಕಥೋಲಿಕ ಸಭೆಯ ಕ್ಯಾನನ್ ಕಾನೂನಿನ 250ನೇ ವಿಧಿಯಂತೆ ತತ್ವಶಾಸ್ತ್ರಕ್ಕೆ ಪೂರ್ಣ ಎರಡು ವರ್ಷ, ದೈವಶಾಸ್ತ್ರಕ್ಕೆ ಪೂರ್ಣ ನಾಲ್ಕು ವರ್ಷ, ಕನಿಷ್ಠ ಆರು. ಇದರ ಹಿಂದೆ ತಯಾರಿಯ ಅವಧಿ, ನಡುವೆ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಅನುಭವದ ಅವಧಿ ಸೇರುತ್ತದೆ. ಯಾಜಕ ದೀಕ್ಷೆಗೆ 25 ವರ್ಷ ತುಂಬಿರಬೇಕು, ಅದರ ಹಿಂದಿನ ಮೆಟ್ಟಿಲಾದ ಡೀಕನ್ ದೀಕ್ಷೆಗೂ ಯಾಜಕ ದೀಕ್ಷೆಗೂ ನಡುವೆ ಕನಿಷ್ಠ ಆರು ತಿಂಗಳು.

ಈ ಓದಿನ ನಡುವೆ ಬರುವ ಪದವಿಯೇ ಎಸ್.ಟಿ.ಬಿ. (ಬ್ಯಾಚುಲರ್ ಆಫ್ ಸೇಕ್ರೆಡ್ ಥಿಯಾಲಜಿ), ದೈವಶಾಸ್ತ್ರದ ಮೊದಲ ಪದವಿ. ಅದರ ಮೇಲೆ ಎರಡು ವರ್ಷದ ಲೈಸೆನ್ಶಿಯೇಟ್, ಆಮೇಲೆ ಡಾಕ್ಟರೇಟ್. ಸೆಮಿನರಿಯಲ್ಲಿ ಪಾಠ ಮಾಡಲು ಲೈಸೆನ್ಶಿಯೇಟ್ ಅಥವಾ ಡಾಕ್ಟರೇಟ್ ಬೇಕೇ ಬೇಕು, 253ನೇ ವಿಧಿ. ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಷ್ಟು ಹಳೆಯದು. ಬೆಂಗಳೂರಿನಲ್ಲಿ ಮಲ್ಲೇಶ್ವರದ ಸಂತ ಪೀಟರರ ಸೆಮಿನರಿ ಮತ್ತು ಧರ್ಮಾರಾಮ್ ವಿದ್ಯಾಕ್ಷೇತ್ರ, ಪುಣೆಯಲ್ಲಿ ಜ್ಞಾನದೀಪ ಇವೆ. ಕಾರವಾರದಿಂದ ದೂರವೇನಲ್ಲದ ಗೋವೆಯ ರಾಶೋಲ್ ಸೆಮಿನರಿ 17ನೇ ಶತಮಾನದ ಆರಂಭದ್ದು. ಧರ್ಮಭಗಿನಿಯರು ಮತ್ತು ಗೃಹಸ್ಥ ಕಥೋಲಿಕರು ಕೂಡ ಧರ್ಮಾರಾಮ್, ಜ್ಞಾನದೀಪಗಳಲ್ಲಿ ಪದವಿಗೆ ಓದಬಹುದು. ದೀಕ್ಷೆ ಇಲ್ಲದಿದ್ದರೂ ಧರ್ಮೋಪದೇಶ, ಆಪ್ತಸಮಾಲೋಚನೆ, ಶಾಲೆಗಳ ಮೌಲ್ಯಶಿಕ್ಷಣ ಈ ಕೆಲಸಗಳಿಗೆ ಆ ಓದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಮಾತು ಸೇರಿಸಬೇಕು. ಕರಾವಳಿಯ ಇಗರ್ಜಿಗಳಲ್ಲಿ ಕೊಂಕಣಿ ಮುಂದು. ಹಳಿಯಾಳ, ಯಲ್ಲಾಪುರದ ಸಿದ್ದಿ ಕ್ರೈಸ್ತರ ಮನೆಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು. ಗೋವೆಯಲ್ಲಿ ಓದಿದವರಿಗೆ ರೋಮಿ ಲಿಪಿಯ ಕೊಂಕಣಿ ರೂಢಿಯಾಗುತ್ತದೆ, ಇಲ್ಲಿ ಕನ್ನಡ ಲಿಪಿ ನಡೆಯುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಕನ್ನಡ ಲಿಪಿಯಲ್ಲಿ ಪ್ರಾರ್ಥನೆ ಓದಿಸುವ, ಪ್ರಬೋಧನೆ ಬರೆಯುವ ಅಭ್ಯಾಸ ಬಿಡಬಾರದು.

ಹೆಣ್ಣುಮಕ್ಕಳಿಗೆ: ಸಿ.ಎಸ್.ಐ. ಸಭೆ ಮಹಿಳೆಯರಿಗೆ ದೀಕ್ಷೆ ಕೊಡುತ್ತದೆ, 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲ ಡಯಾಸಿಸ್‌ನ ಬಿಷಪ್ ಆದರು. ಆದ್ದರಿಂದ ಬಿ.ಡಿ. ಮಾಡಿದ ಹುಡುಗಿಗೆ ‘ಭಾನುವಾರ ಶಾಲೆ ನೋಡಿಕೊಳ್ಳಮ್ಮ’ ಎನ್ನುವುದು ನಿಯಮವಲ್ಲ, ರೂಢಿ. ಅಭ್ಯರ್ಥಿಯಾಗಿ ಅರ್ಜಿ ಹಾಕುವಾಗಲೇ ದೀಕ್ಷೆಗಾಗಿ ಎಂದು ಸ್ಪಷ್ಟವಾಗಿ ಬರೆಯಿರಿ.

ವಿಶ್ವವಿದ್ಯಾಲಯದ ಎಂ.ಎ. ಯಾರಿಗೆ? ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ, ಮದರಾಸು ವಿಶ್ವವಿದ್ಯಾಲಯದಲ್ಲೂ ಇದೆ. ಧರ್ಮವನ್ನು ಅಧ್ಯಯನದ ವಿಷಯವಾಗಿ ನೋಡುವವರು, ಮುಂದೆ ವಿಶ್ವವಿದ್ಯಾಲಯದಲ್ಲೇ ಪಿಎಚ್.ಡಿ. ಮಾಡುವವರು, ಈಗಾಗಲೇ ಸೇವೆಯಲ್ಲಿದ್ದು ಸರಕಾರಿ ಮಾನ್ಯತೆಯ ಸ್ನಾತಕೋತ್ತರ ಪದವಿ ಬೇಕಾದವರು ಇತ್ತ ಬರಲಿ. ಸಭಾಸೇವೆಯ ತರಬೇತಿ ಇದರಲ್ಲಿ ಸಿಗುವುದಿಲ್ಲ, ಸಿಗಬೇಕೆಂದು ನಿರೀಕ್ಷಿಸಲೂ ಬಾರದು. ಇದೇ ಜಾಗದಲ್ಲಿ ಪಿ.ಯು.ಸಿ. ಆದೊಡನೆ ಬಿ.ಡಿ.ಗೆ ಹಾರುವವರಿಗೆ ಎಚ್ಚರಿಕೆ: ಸಾಧ್ಯವಿದ್ದರೆ ಮೊದಲು ಬಿ.ಎ.ಯೋ ಬಿ.ಕಾಂ.ಓ ಮುಗಿಸಿ. ಬಿ.ಎಡ್., ಎಂ.ಎಸ್.ಡಬ್ಲ್ಯು., ಸರಕಾರಿ ನೌಕರಿ, ಎಲ್ಲಿ ಹೋದರೂ ಕೇಳುವುದು ಆ ಪದವಿಯನ್ನೇ. ದೈವಶಾಸ್ತ್ರದ ಪದವಿಯನ್ನು ಅದರ ಬದಲಿಗೆ ತೋರಿಸಿದಾಗ ತಕರಾರು ಬರುತ್ತದೆ.

ಮನೆ, ಕೆಲಸ ಬಿಡಲಾಗದವರಿಗೆ ದೂರಶಿಕ್ಷಣ. ಬೆಂಗಳೂರಿನ ಟಾಫ್ಟಿ (ದೈವಶಾಸ್ತ್ರದ ದೂರಶಿಕ್ಷಣ ಸಂಸ್ಥೆ) 1971ರಿಂದ ಇದನ್ನೇ ಮಾಡುತ್ತಿದೆ: ಮನೆಯಲ್ಲಿ ಪಾಠ ಓದುವುದು, ನಿಗದಿತ ದಿನ ಗುಂಪಾಗಿ ಕೂತು ಚರ್ಚಿಸುವುದು. ಸೆರಾಂಪುರ ಸೆನೆಟ್ಟಿನ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಕೂಡ ಹೊರಗಿನಿಂದ ಓದುವವರಿಗೆ. ಕೈಗಾದಲ್ಲೋ ದಾಂಡೇಲಿಯಲ್ಲೋ ಶಿಫ್ಟ್ ಕೆಲಸದಲ್ಲಿದ್ದು ಸಭೆಯಲ್ಲಿ ಹಿರಿಯರಾಗಿ ದುಡಿಯುವವರಿಗೆ ಇದು ತಕ್ಕದ್ದು. ಪೂರ್ಣಕಾಲಿಕ ಸಭಾಪಾಲಕರ ದೀಕ್ಷೆಗೆ ಇದೊಂದೇ ಸಾಲುವುದು ಅಪರೂಪ. ಒಬ್ಬರೇ ಕೂತು ಓದುವವರು ನಡುವೆ ಬಿಟ್ಟುಬಿಡುತ್ತಾರೆ. ಊರಿನಲ್ಲಿ ಇನ್ನಿಬ್ಬರನ್ನು ಜೊತೆಗೆ ಸೇರಿಸಿಕೊಂಡರೆ ಮುಗಿಯುತ್ತದೆ.

ಎಂ.ಟಿಎಚ್. ಎರಡು ವರ್ಷ. ಬಿ.ಡಿ.ಯ ಮೇಲೆ ಒಂದು ಶಾಖೆ ಆರಿಸಿಕೊಂಡು ಓದು, ಕೊನೆಗೆ ಪ್ರಬಂಧ. ಹಳೆ ಒಡಂಬಡಿಕೆಗೆ ಇಬ್ರಿಯ, ಹೊಸದಕ್ಕೆ ಗ್ರೀಕ್ ಇಲ್ಲದೆ ನಡೆಯದು, ಹಾಗಾಗಿ ಬಿ.ಡಿ.ಯಲ್ಲಿ ಯಾವ ಭಾಷೆ ತೆಗೆದುಕೊಳ್ಳುತ್ತೀರಿ ಎಂಬುದೇ ಮುಂದಿನ ಶಾಖೆಯನ್ನು ಅರ್ಧ ನಿರ್ಧರಿಸಿರುತ್ತದೆ. ಬಿ.ಡಿ. ಮುಗಿದ ಕೂಡಲೇ ಹೋಗುವುದಕ್ಕಿಂತ ಎರಡು ಮೂರು ವರ್ಷ ಸಭೆಯಲ್ಲಿ ದುಡಿದು ಹೋದವರ ಪ್ರಬಂಧದಲ್ಲಿ ಜೀವ ಹೆಚ್ಚು. ಅಮೆರಿಕದ ಕನಸಿದ್ದವರಿಗೆ ಅಳತೆ ಇಷ್ಟು: ಅಲ್ಲಿನ ಎ.ಟಿ.ಎಸ್. (ದೈವಶಾಸ್ತ್ರ ಶಾಲೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ನಿಯಮದಲ್ಲಿ ಎಂ.ಡಿವ್.ಗೆ ಕನಿಷ್ಠ 72 ಕ್ರೆಡಿಟ್, ಎಂ.ಎ.ಗೆ 36, ಟಿಎಚ್.ಎಂ.ಗೆ (ನಮ್ಮ ಎಂ.ಟಿಎಚ್.ನಂಥದ್ದು) 24. ಬಿ.ಡಿ. ಇದ್ದವರು ಮತ್ತೊಂದು ಎಂ.ಡಿವ್.ಗೆ ಹಣ ಸುರಿಯುವ ಮೊದಲು ನೇರ ಟಿಎಚ್.ಎಂ.ಗೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ.

‘ಆರು ತಿಂಗಳಲ್ಲಿ ಡಾಕ್ಟರೇಟ್’ ಎಂದು ಗೌನು, ಟೋಪಿ, ಫೋಟೋ ಸಮೇತ ಪದವಿ ಮಾರುವವರು ಕರಾವಳಿಯ ತನಕವೂ ಬರುತ್ತಾರೆ. ಮೂರು ಪ್ರಶ್ನೆ ಕೇಳಿ: ಸೆರಾಂಪುರ ಸೆನೆಟ್ಟಿಗೆ ಸೇರಿದೆಯೇ, ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಶನ್ ಪಟ್ಟಿಯಲ್ಲಿದೆಯೇ, ಕಾನೂನಿನ ಪ್ರಕಾರ ಸ್ಥಾಪನೆಯಾದ ವಿಶ್ವವಿದ್ಯಾಲಯವೇ? ಮೂರಕ್ಕೂ ಇಲ್ಲವೆಂದಾದರೆ ಆ ಕಾಗದವನ್ನು ಗೋಡೆಗೆ ಹಾಕಬಹುದು, ಬೇರೆ ಯಾವ ಕಾಲೇಜಿಗೂ ಒಯ್ಯಲಾಗುವುದಿಲ್ಲ.

ಕಾಗದಪತ್ರದಲ್ಲಿ ನಮ್ಮ ಕಡೆ ಹೆಚ್ಚು ತೊಡಕಾಗುವುದು ಹೆಸರು. ಇಗರ್ಜಿಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಒಂದು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ‘ಫರ್ನಾಂಡಿಸ್’, ‘ಡಿಸೋಜ’, ‘ರೊಡ್ರಿಗಸ್’ ಇವಕ್ಕೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬರಹ ಇರುವುದರಿಂದ ಹೀಗಾಗುತ್ತದೆ. ಎಸ್.ಎಸ್.ಎಲ್.ಸಿ.ಯದನ್ನೇ ಮೂಲವೆಂದು ಹಿಡಿದು, ಇವರೆಲ್ಲ ಒಬ್ಬರೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಮೂರು ಪ್ರತಿ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಪದವಿ ಮುಗಿಸಿದವರ ವರ್ಗಾವಣೆ ಪತ್ರ, ಅಂದರೆ ಮೈಗ್ರೇಶನ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬರಬೇಕು. ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದರೆ ದೈವಶಾಸ್ತ್ರ ಕಾಲೇಜಿನ ಪ್ರವೇಶ ಮುಗಿದಿರುತ್ತದೆ. ಅದಕ್ಕೆ ಜನವರಿಯಲ್ಲೇ ಅರ್ಜಿ ತರಿಸಿ, ಫಲಿತಾಂಶ ಬಾಕಿ ಇದ್ದವರನ್ನು ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ದೀಕ್ಷಾಸ್ನಾನದ ಪ್ರಮಾಣಪತ್ರ, ಸಭಾಪಾಲಕರ ಪತ್ರ, ವೈದ್ಯಕೀಯ ಪ್ರಮಾಣಪತ್ರ ಎಲ್ಲೆಡೆ ಬೇಕು.

ಹಣದ ವಿಷಯ. ಹೆಚ್ಚಿನ ಕಡೆ ಶುಲ್ಕ, ಹಾಸ್ಟೆಲ್, ಮೆಸ್ ಕಟ್ಟುವ ಹೊತ್ತು ಜೂನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಡ ಸೇರಿರುತ್ತವೆ. ಹೊನ್ನಾವರ, ಭಟ್ಕಳದ ಮೀನುಗಾರ ಮನೆಗಳಲ್ಲಿ ವರ್ಷದಲ್ಲೇ ಕೈ ಬರಿದಾಗುವ ಕಾಲ ಅದು. ಇದನ್ನು ಅರ್ಜಿಯ ಜೊತೆಗೇ ಬರೆದು, ಮೊದಲ ಕಂತನ್ನು ಸೆಪ್ಟೆಂಬರಿಗೆ ಹಾಕಿಸಿಕೊಳ್ಳಲು ಕೇಳಿ. ಕೇಳದಿದ್ದರೆ ಕಾಲೇಜಿಗೆ ಗೊತ್ತಾಗುವ ದಾರಿಯಿಲ್ಲ. ಡಯಾಸಿಸ್ ಖರ್ಚು ಕೊಡುವುದಾದರೆ ಎಷ್ಟು ವರ್ಷ ಸೇವೆ ಮಾಡಬೇಕೆಂಬ ಕರಾರು ಇರುತ್ತದೆಯೇ, ನಡುವೆ ಬಿಟ್ಟರೆ ಹಣ ಮರಳಿಸಬೇಕೇ, ಮದುವೆಯಾದರೆ ಹಾಸ್ಟೆಲ್ ಏನಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಓದಿ.

ಸೇರುವ ಮೊದಲು ಒಮ್ಮೆ ಹೋಗಿ ನೋಡಿ ಬನ್ನಿ. ಬೆಂಗಳೂರಿಗೆ ಕಾರವಾರದಿಂದ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಮಂಗಳೂರಿಗಾದರೆ ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ರೈಲು ಹಿಡಿಯಬಹುದು. ಪ್ರಾಂಶುಪಾಲರ ಕೋಣೆಗಿಂತ ಗ್ರಂಥಾಲಯದಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಕಳೆದ ಹತ್ತು ವರ್ಷದ ಪುಸ್ತಕ ಎಷ್ಟಿದೆ, ಕನ್ನಡದ ಕಪಾಟು ಎಲ್ಲಿದೆ, ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ನೋಡಿ. ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕರೆದು, ಕಳೆದ ಭಾನುವಾರ ಎಲ್ಲಿಗೆ ಕಳಿಸಿದ್ದರು, ಅಲ್ಲಿ ಮಾಡಿದ್ದನ್ನು ವಾಪಸು ಬಂದ ಮೇಲೆ ಯಾವ ಗುರುಗಳು ಕೂತು ಕೇಳಿಸಿಕೊಂಡರು ಎಂದು ವಿಚಾರಿಸಿ.